ಲೋಹಪಟ್ಟಿಕೆಯ ಧ್ವನಿಯಂತ್ರ: ಉತ್ಪತ್ತಿವಿಚಾರವೂ ಲಕ್ಷಣವಿಚಾರವೂ

ವಿದ್ಯುತ್ತನ್ನು ಶಬ್ದವನ್ನಾಗಿಯೂ ಶಬ್ದವನ್ನು ವಿದ್ಯುತ್ತನ್ನಾಗಿಯೂ ಮಾರ್ಪಡಿಸತಕ್ಕ ಯಂತ್ರಗಳಲ್ಲಿ ‘ರಿಬ್ಬನ್’ ಎಂದು ಪಾಶ್ಚಾತ್ಯರು ಕರೆಯುವ ಲೋಹಪಟ್ಟಿಕೆಯ ಯಂತ್ರವು ಒಂದು ವಿಲಕ್ಷಣವಾದ ಪ್ರಭೇದವು. ಇದರ ಅಂಗಗಳು ಎಣಿಸುವುದಕ್ಕೇ ಸಾಲದಷ್ಟು ಸ್ವಲ್ಪ: ಎರಡು ಅಯಸ್ಕಾಂತಗಳು, ಅವುಗಳ ನಡುವೆ ಸಡಿಲವಾಗಿ ತೂಗಿಬಿಟ್ಟ ಒಂದು ಅಲ್ಯೂಮಿನಿಯಂ ತಗಡು, ಆ ತಗಡಿನ ಎರಡು ತುದಿಗಳಿಗೆ ಒಂದೊಂದು ತಂತಿ. ಇಷ್ಟು ಸರಳವಾಗಿರುವುದರಿಂದಲೇ ಮನೆಯಲ್ಲಿ ಸ್ವಹಸ್ತದಿಂದ ಧ್ವನಿಪೆಟ್ಟಿಗೆಗಳನ್ನು ಕಟ್ಟಿಕೊಳ್ಳುವ ಹವ್ಯಾಸಿಗಳಿಗೆ ಇದರ ಮೇಲೆ ಬಹುಕಾಲದಿಂದ ಮೋಹವುಂಟು. ಆದರೆ ಇದರ ವಿಷಯದಲ್ಲಿ ಎರಡು ಪ್ರಶ್ನೆಗಳು ಗೊಂದಲದಲ್ಲಿಯೇ ಉಳಿದುಬಂದಿವೆ. ಇದನ್ನು ಮೊದಲು ನಿರ್ಮಿಸಿದವರು ಯಾರು ಎಂಬುದು ಒಂದು. ಯಾವುದನ್ನು ಈ ಹೆಸರಿನಿಂದ ಕರೆಯತಕ್ಕದ್ದು, ಯಾವುದನ್ನು ಕರೆಯತಕ್ಕದ್ದಲ್ಲ ಎಂಬುದು ಇನ್ನೊಂದು. ಮೊದಲನೆಯದು ಇತಿಹಾಸದ ಪ್ರಶ್ನೆ. ಎರಡನೆಯದು ಲಕ್ಷಣದ ಪ್ರಶ್ನೆಯಾದುದರಿಂದ, ಪಾಠಶಾಲೆಯಲ್ಲಿ ತರ್ಕವನ್ನೋದಿದವನಿಗೂ ಅದರಲ್ಲಿ ಮಾತನಾಡುವ ಅಧಿಕಾರ ಸ್ವಲ್ಪ ಮಟ್ಟಿಗೆ ಇರುವುದೆಂದು ಭಾವಿಸಿ ಈ ಲೇಖನಕ್ಕೆ ಕೈಹಾಕಿದ್ದೇನೆ.

ಯಂತ್ರದ ಮೂಲತತ್ತ್ವವು ಹತ್ತೊಂಬತ್ತನೆಯ ಶತಮಾನದ್ದು. ವಿದ್ಯುತ್ಪ್ರವಾಹವು ಹರಿಯುತ್ತಿರುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದೆಂಬುದನ್ನು ಡೆನ್ಮಾರ್ಕಿನ ಎರ್ಸ್ಟೆಡ್ ೧೮೨೦ರಲ್ಲಿ ಪ್ರಕಟಿಸಿದನು. ಅಯಸ್ಕಾಂತಕ್ಷೇತ್ರದಲ್ಲಿ ಲೋಹವು ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದೆಂಬ ಇದರ ಪ್ರತಿಲೋಮತತ್ತ್ವವು ಇಂಗ್ಲೆಂಡಿನ ಫ್ಯಾರಡೆಯ ೧೮೩೧ರ ಪ್ರಯೋಗಗಳಿಂದ ಸಿದ್ಧವಾಯಿತು. ಪಟ್ಟಿಕೆಯ ವ್ಯಾಪಾರವೆಲ್ಲವೂ ಈ ಎರಡರಲ್ಲಿ ಅಡಗಿದೆ. ಪಟ್ಟಿಕೆಯ ಉದ್ದಕ್ಕೆ ವಿದ್ಯುತ್ತು ಹರಿಯುತ್ತದೆ. ಅಯಸ್ಕಾಂತದ ಬಲರೇಖೆಗಳು ಪಟ್ಟಿಕೆಯ ಒಂದಂಚಿನಿಂದ ಮತ್ತೊಂದಂಚಿಗೆ ಅಡ್ಡಲಾಗಿ ಸಾಗುತ್ತವೆ. ಇವೆರಡಕ್ಕೂ ಲಂಬವಾದ ದಿಕ್ಕಿನಲ್ಲಿ, ಎಂದರೆ ಹಿಂದಕ್ಕೂ ಮುಂದಕ್ಕೂ, ಪಟ್ಟಿಕೆಯು ತಳ್ಳಲ್ಪಡುತ್ತದೆ. ಅದು ಗಾಳಿಯನ್ನು ತಳ್ಳುತ್ತದೆ, ನಾವು ಕೇಳುತ್ತೇವೆ. ಇದಕ್ಕೆ ಪ್ರತಿಯಾಗಿ ನಾವು ಪಟ್ಟಿಕೆಯ ಎದುರು ಮಾತನಾಡಿದರೆ ಗಾಳಿಯು ಅದನ್ನು ತಳ್ಳುತ್ತದೆ. ತಂತಿಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಒಂದೇ ವಸ್ತುವು ಬಾಯಿಯೂ ಹೌದು, ಕಿವಿಯೂ ಹೌದು.

ತತ್ತ್ವವು ತಿಳಿದ ಕೂಡಲೇ ಯಂತ್ರವು ಹುಟ್ಟಲಿಲ್ಲ. ಅಯಸ್ಕಾಂತಕ್ಷೇತ್ರದಲ್ಲಿ ಚಲಿಸುವ ತಂತಿಸುರುಳಿಯ ಯಂತ್ರಕ್ಕೆ ಜರ್ಮನಿಯ ವೆರ್ನರ್ ಸೀಮೆನ್ಸನು ೧೮೭೪ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದನು. ಬೆಲ್ಲನ ಟೆಲಿಫೋನಿಗೆ ಆಗ ಇನ್ನೂ ಎರಡು ವರ್ಷವಿತ್ತು. ಆದರೆ ಆ ಸುರುಳಿಯ ಮೂಲಕ ಮಾತನ್ನು ಕೇಳಿಸಲು ಬೇಕಾದ ಪ್ರಬಲವಾದ ವಿದ್ಯುತ್ಸಂಕೇತವೇ ಆ ಕಾಲದಲ್ಲಿರಲಿಲ್ಲ. ೧೮೯೮ರಲ್ಲಿ ಆಲಿವರ್ ಲಾಡ್ಜನೂ ಇದೇ ಹಾದಿಯಲ್ಲಿ ನಡೆದು ಇದೇ ಕಷ್ಟದಲ್ಲಿ ನಿಂತನು. ದುರ್ಬಲವಾದ ಸಂಕೇತವನ್ನು ಬಲಪಡಿಸುವ ನಿರ್ವಾತನಳಿಕೆಯು, ಎಂದರೆ ರೇಡಿಯೋ ವಾಲ್ವು, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಂದ ಬಳಿಕವೇ ಈ ಬೀಜಗಳೆಲ್ಲ ಮೊಳೆತವು. ೧೯೨೫ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಕಾಗದದ ಶಂಕುವಿಗೆ ತಂತಿಸುರುಳಿಯನ್ನಂಟಿಸಿದ ಯಂತ್ರವನ್ನು ವಿದ್ವತ್ಸಭೆಯ ಮುಂದಿಟ್ಟರು. ಇಂದು ಮನೆಮನೆಗಳಲ್ಲಿರುವುದು ಬಹುಮಟ್ಟಿಗೆ ಅದರ ಸಂತತಿಯೇ.

ಲೋಹಪಟ್ಟಿಕೆಯ ಯಂತ್ರವಾದರೋ ಅದಕ್ಕಿಂತ ತುಸು ಹಿಂದಿನದು. ಬರ್ಲಿನ್ನಿನ ಸೀಮೆನ್ಸ್ ಕಾರ್ಖಾನೆಯ ಆಶ್ರಯದಲ್ಲಿ ವಾಲ್ಟರ್ ಷಾಟ್ಕಿ ಮತ್ತು ಎರ್ವಿನ್ ಗೆರ್ಲಾಖ್ ಎಂಬ ವಿಜ್ಞಾನಿಗಳು ೧೯೨೦ರ ದಶಕದ ಆದಿಯಲ್ಲಿ ಇದನ್ನು ನಿರ್ಮಿಸಿ ೧೯೨೪ರಲ್ಲಿ ಲೇಖನಗಳ ಮೂಲಕ ಪ್ರಕಟಪಡಿಸಿದರು. ಈ ಗೆರ್ಲಾಖನನ್ನು, ಪರಮಾಣುಗಳ ಪ್ರಯೋಗದಿಂದ ೧೯೨೨ರಲ್ಲಿ ಖ್ಯಾತನಾದ ವಾಲ್ಟರ್ ಗೆರ್ಲಾಖನೊಡನೆ ಕಲಸಬಾರದು. ಹೆಸರಿನ ಸಾಮ್ಯವು ಅನರ್ಥಕಾರಿ. ಷಾಟ್ಕಿಯು ಪ್ಲಾಂಕ್ ಮಹಾಶಯನ ಶಿಷ್ಯನು. ವಾಲ್ವುಗಳ ಶಾಸ್ತ್ರದಲ್ಲಿಯೂ, ತರುವಾಯ ಲೋಹ ಮತ್ತು ಅರೆವಾಹಕಗಳ ಸಂಧಿಯ ವಿಚಾರದಲ್ಲಿಯೂ ಇವನ ಹೆಸರು ಸ್ಥಿರವಾಗಿ ನಿಂತಿದೆ. ಪಟ್ಟಿಕೆಯ ಕೆಲಸವು ಇವನ ಕೀರ್ತಿಗೆ ಅಷ್ಟಾಗಿ ಕಾರಣವಾಗದಿದ್ದರೂ, ಅದರಿಂದ ಹೊರಟ ಒಂದು ವಿಚಾರವು ಬಹಳ ಬೆಲೆಯುಳ್ಳದ್ದು. ಒಂದೇ ಯಂತ್ರವು ಹೇಳುವಾಗಲೂ ಕೇಳುವಾಗಲೂ ಸಮಾನವಾಗಿ ನಡೆದುಕೊಳ್ಳುವುದೇ ಎಂಬ ಪ್ರಶ್ನೆಯನ್ನೆತ್ತಿಕೊಂಡು ೧೯೨೬ರಲ್ಲಿ ಅವನು ಒಂದು ನಿಯಮವನ್ನು ಸಾಧಿಸಿದನು. ಎರಡು ವ್ಯಾಪಾರಗಳೂ ಒಂದಕ್ಕೊಂದು ನಿಯತವಾದ ಸಂಬಂಧವುಳ್ಳವು, ಆದರೆ ಸಮಾನವಲ್ಲ. ಹೇಳುವಾಗಿನ ನಡತೆಯೊಡನೆ ಹೋಲಿಸಿದರೆ ಕೇಳುವಾಗ ಯಂತ್ರವು ತರಂಗದ ದೈರ್ಘ್ಯಕ್ಕೆ ಅನುಗುಣವಾಗಿ ಮಂದ್ರಸ್ವರಗಳ ಕಡೆಗೆ ವಾಲಿರುತ್ತದೆ ಎಂಬುದು ಅದರ ಸಾರ. ಬಾಯಿಯನ್ನು ಹಾಗೆಯೇ ತಿರುಗಿಸಿ ಕಿವಿಯೆಂದು ಇಟ್ಟುಕೊಳ್ಳಬಹುದೆಂದು ನಂಬುವ ಹವ್ಯಾಸಿಗಳು ಈ ಮಾತನ್ನು ಗಮನಿಸತಕ್ಕದ್ದು.

ಇಷ್ಟು ಸ್ಪಷ್ಟವಾಗಿರುವಾಗ ವಿವಾದವೆಲ್ಲಿಂದ ಬಂದಿತು? ಇಂಗ್ಲಿಷಿನಲ್ಲಿ ಬರೆಯಲ್ಪಟ್ಟ ಅನೇಕ ವೃತ್ತಾಂತಗಳು ಅಮೆರಿಕದ ಆರ್‌ಸಿಎ ಸಂಸ್ಥೆಯ ಹ್ಯಾರಿ ಆಲ್ಸನ್ನನಿಂದ (೧೯೦೧–೧೯೮೨) ಕಥೆಯನ್ನಾರಂಭಿಸುತ್ತವೆ. ಆಲ್ಸನ್ನನು ೧೯೩೧ರಲ್ಲಿ ಪಟ್ಟಿಕೆಯ ಮೈಕ್ರೋಫೋನಿನ ಶಾಸ್ತ್ರವನ್ನು ಪ್ರಕಟಿಸಿದನು. ಆ ವರ್ಷಗಳಲ್ಲಿಯೇ ಅವನ ಸಂಸ್ಥೆಯ ೪೪ ಎಂಬ ಸಂಖ್ಯೆಯ ಮೈಕ್ರೋಫೋನು ರೇಡಿಯೋ ನಿಲಯಗಳನ್ನೂ ಚಲಚ್ಚಿತ್ರಶಾಲೆಗಳನ್ನೂ ಹೊಕ್ಕಿತು. ಆ ಕಾಲದ ಭಾವಚಿತ್ರಗಳಲ್ಲಿ ಗಾಯಕರ ಮುಂದೆ ನಿಂತಿರುವ, ಔಷಧದ ಗುಳಿಗೆಯಾಕಾರದ ದೊಡ್ಡ ಯಂತ್ರವು ಅದೇ. ಲೋಕಕ್ಕೆ ಕಂಡದ್ದು ಅದಾದುದರಿಂದ ಲೋಕವು ಅದರ ಕರ್ತೃವನ್ನೇ ಜನಕನೆಂದಿತು. ನಮ್ಮ ಅಭಿಪ್ರಾಯದಲ್ಲಿ ಜನಕತ್ವವು ೧೯೨೪ರ ಜರ್ಮನರಿಗೇ ಸಲ್ಲತಕ್ಕದ್ದು. ಆದರೆ ಆಲ್ಸನ್ನನನ್ನು ಬರಿಯ ಪೋಷಕನೆನ್ನುವುದೂ ಅನ್ಯಾಯವಾದೀತು. ಏಕೆಂದರೆ ಪಟ್ಟಿಕೆಯು ಏಕೆ ಚೆನ್ನಾಗಿ ಕೇಳುತ್ತದೆ ಎಂಬುದಕ್ಕೆ ಉಪಪತ್ತಿಯನ್ನು ತುಂಬುಮಾಡಿ ಕೊಟ್ಟವನು ಅವನೇ.

ಆ ಉಪಪತ್ತಿಯನ್ನು ಸ್ವಲ್ಪ ವಿವರಿಸುವೆನು. ಪಟ್ಟಿಕೆಯು ಹಿಂದೆ ಮುಂದೆ ಎರಡು ಕಡೆಯೂ ತೆರೆದಿರುವುದರಿಂದ, ಅದನ್ನು ಚಲಿಸುವುದು ಗಾಳಿಯ ಒತ್ತಡವಲ್ಲ, ಎರಡು ಮುಖಗಳ ಒತ್ತಡಗಳ ಅಂತರ. ಒಂದೇ ಬಲದ ಶಬ್ದದಲ್ಲಿ ಈ ಅಂತರವು ಸ್ವರವು ತಾರಕ್ಕೆ ಏರಿದಷ್ಟೂ ಹೆಚ್ಚುತ್ತದೆ. ಆದರೆ ಪಟ್ಟಿಕೆಯ ಭಾರವೂ ಸುಮ್ಮನಿರುವುದಿಲ್ಲ. ಸ್ವರವು ಏರಿದಷ್ಟೂ ಅದು ಚಲನೆಗೆ ಅಷ್ಟೇ ಪ್ರಮಾಣದಲ್ಲಿ ಅಡ್ಡಿಪಡಿಸುತ್ತದೆ. ಒಂದು ಏರಿಕೆಯು ಇನ್ನೊಂದು ಅಡ್ಡಿಯಿಂದ ಸರಿಗಟ್ಟಿ, ಪಟ್ಟಿಕೆಯ ವೇಗವು ಮಂದ್ರದಿಂದ ತಾರದವರೆಗೆ ಸಮವಾಗಿ ನಿಲ್ಲುತ್ತದೆ. ವೇಗಕ್ಕೆ ತಕ್ಕಂತೆಯೇ ವಿದ್ಯುತ್ತು ಹುಟ್ಟುವುದರಿಂದ ಅದೂ ಸಮವಾಗಿರುತ್ತದೆ. ಇದಕ್ಕೆ ಒಂದು ನಿಬಂಧನೆಯುಂಟು: ಪಟ್ಟಿಕೆಯ ಸಹಜಸ್ವರವು ಕೇಳತಕ್ಕ ಸ್ವರಗಳಿಗಿಂತ ಕೆಳಗೆ ಬೀಳಬೇಕು, ಎಂದರೆ ಅದನ್ನು ಬಹಳ ಸಡಿಲವಾಗಿ ಕಟ್ಟಬೇಕು. ವೀಣೆಯ ತಂತಿಯನ್ನು ಬಿಗಿದಂತೆ ಪಟ್ಟಿಕೆಯನ್ನು ಬಿಗಿದವನು ಕೆಟ್ಟನು.

ಇನ್ನೊಂದು ಗುಣವೂ ಇದರಿಂದಲೇ ಬಂದುದು. ಪಟ್ಟಿಕೆಯ ಪಾರ್ಶ್ವದಿಂದ ಬಂದ ಶಬ್ದವು ಎರಡು ಮುಖಗಳನ್ನೂ ಸಮಕಾಲದಲ್ಲಿ ಮುಟ್ಟುವುದರಿಂದ ಅಂತರವು ಶೂನ್ಯ. ಪಟ್ಟಿಕೆಯು ಅದಕ್ಕೆ ಕಿವುಡು. ೧೯೨೭ರ ತರುವಾಯ ಮಾತನಾಡತೊಡಗಿದ ಚಲಚ್ಚಿತ್ರಗಳಿಗೆ ಈ ಕಿವುಡೇ ವರವಾಯಿತು. ಗಡಗಡಿಸುವ ಚಿತ್ರಯಂತ್ರವನ್ನು ಪಟ್ಟಿಕೆಯ ಪಾರ್ಶ್ವಕ್ಕೆ ನಿಲ್ಲಿಸಿದರೆ ಸಾಕಾಗುತ್ತಿತ್ತು. ಇಲ್ಲಿ ಒಂದು ಪ್ರಾಸಂಗಿಕವಾದ ಮಾತು. ಶಬ್ದದಿಂದ ಶಬ್ದವು ಹುಟ್ಟುತ್ತ ಕಿವಿಯನ್ನು ಸೇರುವ ಕ್ರಮಕ್ಕೆ ನಮ್ಮ ನೈಯಾಯಿಕರು ವೀಚೀತರಂಗನ್ಯಾಯ, ಕದಂಬಗೋಲಕನ್ಯಾಯ ಎಂಬ ಎರಡು ದೃಷ್ಟಾಂತಗಳನ್ನು ಕೊಟ್ಟಿರುವುದು ವಾಚಕರಿಗೆ ವಿದಿತವೇ. ಕದಂಬದ ಹೂವಿನ ಕೇಸರಗಳಂತೆ ಶಬ್ದವು ಎಲ್ಲ ದಿಕ್ಕಿಗೂ ಒಮ್ಮೆಲೇ ಹೊಮ್ಮುವುದೆಂಬ ಎರಡನೆಯ ದೃಷ್ಟಾಂತವು ಗಂಟೆಗೆ ಒಪ್ಪೀತು. ತೆರೆದ ಪಟ್ಟಿಕೆಗೆ ಒಪ್ಪದು. ಅದರ ಶಬ್ದವು ಹಿಂದೆ ಮುಂದೆ ಎರಡು ಗೋಳಗಳಾಗಿ ಹೊರಟು ಪಾರ್ಶ್ವದಲ್ಲಿ ಪರಸ್ಪರ ಅಳಿದುಹೋಗುತ್ತದೆ. ಪ್ರಾಚೀನರಿಗೆ ಈ ಯಂತ್ರವು ತಿಳಿದಿತ್ತೆಂದು ಸಾಧಿಸಹೊರಡುವ ಕೆಲವರ ಉತ್ಸಾಹದಲ್ಲಿ ನನಗೆ ಪಾಲಿಲ್ಲ. ಅವರು ಕೊಟ್ಟದ್ದು ವಿಚಾರಿಸುವ ಕ್ರಮವನ್ನು. ಅದು ಸಾಲದೆಂದು ಏಕೆ ತಿಳಿಯಬೇಕು?

ಆ ಕ್ರಮವನ್ನೇ ಈಗ ಲಕ್ಷಣವಿಚಾರಕ್ಕೆ ತರೋಣ. ‘ಅಯಸ್ಕಾಂತಕ್ಷೇತ್ರದಲ್ಲಿ ಕಂಪಿಸುವ ತೆಳುವಾದ ಲೋಹಫಲಕವೇ ರಿಬ್ಬನ್’ ಎಂದರೆ ಹಳೆಯ ಟೆಲಿಫೋನಿನ ಕಬ್ಬಿಣದ ಬಿಲ್ಲೆಯಲ್ಲಿ ಅತಿವ್ಯಾಪ್ತಿ. ಅದೂ ತೆಳು, ಅದೂ ಲೋಹ, ಅದೂ ಅಯಸ್ಕಾಂತದ ಮುಂದೆ ಕಂಪಿಸುವುದು. ‘ವಿದ್ಯುತ್ತು ಹರಿಯುವ ಅಂಗವು ತಾನೇ ಚಲಿಸತಕ್ಕದ್ದು’ ಎಂದು ಸೇರಿಸಿದರೆ ಟೆಲಿಫೋನು ಹೊರಗಾಯಿತು. ಆದರೆ ರೈಸ್ ಮತ್ತು ಕೆಲಾಗರ ಸುರುಳಿಯು ಒಳಗೆ ಬಂದಿತು, ಏಕೆಂದರೆ ಅಲ್ಲಿಯೂ ವಿದ್ಯುತ್ತಿನ ಸುರುಳಿಯೇ ಚಲಿಸುವುದು. ‘ಲೋಹದಿಂದಲೇ ಆದ ಬರಿಯ ಪಟ್ಟಿಕೆ’ ಎಂದು ಬಿಗಿದರೆ, ಬಾಳಿಕೆಗಾಗಿ ಬೆನ್ನಿಗೆ ಪ್ಲಾಸ್ಟಿಕ್ಕಿನ ತೆಳುಪೊರೆಯನ್ನಂಟಿಸಿದ ಪಟ್ಟಿಕೆಗಳಲ್ಲಿ ಅವ್ಯಾಪ್ತಿ. ಆದುದರಿಂದ ನಮ್ಮ ಲಕ್ಷಣವು ಇದು: ಯಾವ ಯಂತ್ರದಲ್ಲಿ ವಿದ್ಯುತ್ತನ್ನು ಒಯ್ಯುವ ಅಂಗವೂ ಗಾಳಿಯನ್ನು ತಳ್ಳುವ ಅಂಗವೂ ಅಭಿನ್ನವಾಗಿದ್ದು, ಪ್ರವಾಹವು ಅದರ ಅಗಲವನ್ನೆಲ್ಲ ತುಂಬಿಕೊಂಡು ಒಮ್ಮೆ ಮಾತ್ರ ಉದ್ದಕ್ಕೆ ಹರಿಯುವುದೋ, ಮತ್ತು ಅಯಸ್ಕಾಂತದ ಧ್ರುವಗಳು ಅದರ ಎರಡು ಅಂಚುಗಳಲ್ಲಿರುವುವೋ, ಅದು ಶುದ್ಧವಾದ ಪಟ್ಟಿಕಾಯಂತ್ರ. ಬೆನ್ನಿನ ಪೊರೆಯು ಬರಿಯ ಆಧಾರವಾಗಿದ್ದರೆ ಅಭೇದಕ್ಕೆ ಬಾಧಕವಲ್ಲ.

ಈ ಒರೆಗಲ್ಲಿಗೆ ಹಚ್ಚಿದರೆ ಅನೇಕ ಯಂತ್ರಗಳು ಬೇರೆಯಾಗುತ್ತವೆ. ೧೯೨೦ರ ದಶಕದ ಮಧ್ಯದಲ್ಲಿ ಸೀಮೆನ್ಸ್ ಕಾರ್ಖಾನೆಯಲ್ಲಿಯೇ ರೀಗರನು ನಿರ್ಮಿಸಿದ ‘ಬ್ಲಾಟ್‌ಹಾಲರ್’ ಎಂಬ ಮಹಾಘೋಷದ ಯಂತ್ರದಲ್ಲಿ ಗಟ್ಟಿಯಾದ ಫಲಕದ ಮೇಲೆ ತಾಮ್ರದ ವಾಹಕವು ಹಾವಿನಂತೆ ಸುತ್ತಿಸುತ್ತಿ ಹೋಗುತ್ತದೆ; ಅದು ಪಟ್ಟಿಕೆಯ ದಾಯಾದಿಯೇ ಹೊರತು ಪಟ್ಟಿಕೆಯಲ್ಲ. ಅಮೆರಿಕದ ಮಿನೆಸೋಟಾದಲ್ಲಿ ಜಿಮ್ ವೈನಿ ೧೯೬೯ರಲ್ಲಿ ಸ್ಥಾಪಿಸಿದ ಮ್ಯಾಗ್ನೆಪ್ಯಾನ್ ಸಂಸ್ಥೆಯು ಪ್ಲಾಸ್ಟಿಕ್ ಪೊರೆಯ ಮೇಲೆ ತಂತಿಗಳನ್ನಂಟಿಸಿದ ಎತ್ತರದ ಫಲಕಗಳಿಂದ ಹೆಸರಾಯಿತು. ಅಲ್ಲಿ ಅಯಸ್ಕಾಂತಗಳಿರುವುದು ಅಂಚಿನಲ್ಲಲ್ಲ, ಪೊರೆಯ ಬೆನ್ನಿಗೆ. ಅದೇ ಸಂಸ್ಥೆಯು ಕೆಲವು ಫಲಕಗಳಲ್ಲಿ ತಾರಸ್ವರಗಳಿಗಾಗಿ ನಿಜವಾದ ಪಟ್ಟಿಕೆಯನ್ನೂ ಸೇರಿಸಿ ಎರಡಕ್ಕೂ ಬೇರೆಬೇರೆ ಹೆಸರುಗಳನ್ನೇ ಇಟ್ಟುಕೊಂಡಿರುವುದು ಮೆಚ್ಚತಕ್ಕದ್ದು. ೧೯೭೦ರ ದಶಕದಲ್ಲಿ ಆಸ್ಕರ್ ಹೈಲನು ಪ್ರಸಿದ್ಧಿಗೆ ತಂದ ಯಂತ್ರದಲ್ಲಿ ಪೊರೆಯು ಪಂಚೆಯ ನೆರಿಗೆಯಂತೆ ಮಡಿಸಲ್ಪಟ್ಟು, ನೆರಿಗೆಗಳು ಕೂಡಿ ಬಿಡುವಾಗ ಗಾಳಿಯನ್ನು ಹಿಂಡಿ ಹೊರಡಿಸುತ್ತವೆ. ಅದರ ವ್ಯಾಪಾರವೇ ಬೇರೆ. ಅಂಗಡಿಗಳಲ್ಲಿಯಾದರೋ ಇವೆಲ್ಲವೂ ಒಂದೇ ‘ರಿಬ್ಬನ್’ ಎಂಬ ಹೆಸರಿನಿಂದ ಮಾರಲ್ಪಡುವುದುಂಟು.

ಹೆಸರಿನಲ್ಲೇನಿದೆ ಎಂದು ಕೇಳಬಾರದು. ಹೆಸರನ್ನು ನಂಬಿ ಕಟ್ಟುವವನಿಗೆ ಫಲದಲ್ಲಿಯೇ ಭೇದವಾಗುತ್ತದೆ. ಒಂದು ಉದಾಹರಣೆಯನ್ನು ಲೆಕ್ಕಹಾಕಿ ತೋರಿಸುವೆನು. ಹತ್ತು ಸೆಂಟಿಮೀಟರು ಉದ್ದ, ಒಂದು ಸೆಂಟಿಮೀಟರು ಅಗಲ, ಮಿಲಿಮೀಟರಿನ ನೂರರಲ್ಲೊಂದು ಪಾಲು ದಪ್ಪವಿರುವ ಅಲ್ಯೂಮಿನಿಯಂ ಪಟ್ಟಿಕೆಯ ತೂಕವು ಸುಮಾರು ೨೭ ಮಿಲಿಗ್ರಾಂ, ಎಂದರೆ ಒಂದು ಗುಲಗಂಜಿಯ ಕಾಲುಭಾಗಕ್ಕಿಂತಲೂ ಕಡಿಮೆ. ಇದನ್ನು ೫,೦೦೦ ಗೌಸ್ ಬಲದ ಕ್ಷೇತ್ರದಲ್ಲಿಟ್ಟು ೧೦ ಆಂಪಿಯರು ವಿದ್ಯುತ್ತನ್ನು ಹರಿಸಿದರೆ ಅದರ ಮೇಲೆ ಬೀಳುವ ನೂಕು ಸುಮಾರು ನಾಲ್ಕು ತೊಲ ತೂಕಕ್ಕೆ ಸಮ. ಗುಲಗಂಜಿಯ ಕಾಲನ್ನು ನಾಲ್ಕು ತೊಲದ ಬಲವು ನೂಕುವುದೆಂದರೆ, ಅದು ಎಷ್ಟು ಚುರುಕಾಗಿ ಹೊರಟು ಎಷ್ಟು ಚುರುಕಾಗಿ ನಿಲ್ಲಬಲ್ಲದೆಂಬುದನ್ನು ಊಹಿಸಿಕೊಳ್ಳಬಹುದು. ತಾಳದ ಕೊನೆಯ ಝೇಂಕಾರವೂ ತಂಬೂರಿಯ ಜೀವಾಳದ ಸೂಕ್ಷ್ಮವೂ ಪಟ್ಟಿಕೆಯಲ್ಲಿ ಸ್ಪಷ್ಟವಾಗಿ ಕೇಳಿಸುವುದಕ್ಕೆ ಈ ಲಾಘವವೇ ಮುಖ್ಯಕಾರಣ.

ಆದರೆ ಇದೇ ಪಟ್ಟಿಕೆಯ ವಿದ್ಯುತ್‌ರೋಧವನ್ನು ಲೆಕ್ಕಹಾಕಿದರೆ ೦.೦೨೮ ಓಮ್ ಮಾತ್ರ ಬರುತ್ತದೆ. ಸಾಮಾನ್ಯವಾದ ವರ್ಧಕಯಂತ್ರವು ನಾಲ್ಕು ಅಥವಾ ಎಂಟು ಓಮ್‌ಗಳನ್ನು ನಿರೀಕ್ಷಿಸುವುದು. ಪಟ್ಟಿಕೆಯನ್ನು ನೇರವಾಗಿ ಅದಕ್ಕೆ ಜೋಡಿಸುವುದು ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದಂತೆಯೇ ಸರಿ. ಎಂಟು ಓಮಿಗೆ ಹೊಂದಿಸಬೇಕಾದರೆ ನಡುವೆ ಸುತ್ತುಗಳ ಪ್ರಮಾಣವು ಹದಿನೇಳಕ್ಕೆ ಒಂದರಂತಿರುವ ಟ್ರಾನ್ಸ್‌ಫಾರ್ಮರು ಅವಶ್ಯ. ಹಾವಿನಂತೆ ಸುತ್ತಿದ ವಾಹಕವುಳ್ಳ ಪೊರೆಯ ಯಂತ್ರಗಳಲ್ಲಿ ವಾಹಕವು ಉದ್ದವೂ ಸಪುರವೂ ಆದುದರಿಂದ ಈ ಕಷ್ಟವಿಲ್ಲ. ೧೯೮೧ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಅಪೋಜಿ ಸಂಸ್ಥೆಯು ಆಳೆತ್ತರದ ಪಟ್ಟಿಕೆಗಳಿಂದ ಮಂದ್ರತಾರಗಳೆರಡನ್ನೂ ಹೊರಡಿಸಲು ಯತ್ನಿಸಿ ವಿದ್ವಾಂಸರ ಮೆಚ್ಚುಗೆಯನ್ನು ಪಡೆಯಿತು. ಆದರೆ ಅದರ ‘ಸಿಂಟಿಲಾ’ ಎಂಬ ಯಂತ್ರದ ರೋಧವು ಒಂದು ಓಮಿನಷ್ಟೇ ಇದ್ದು, ಅದನ್ನು ತಾಳಬಲ್ಲ ವರ್ಧಕಗಳು ಬಹು ವಿರಳವಾಗಿದ್ದವು. ೧೯೯೦ರ ದಶಕದಲ್ಲಿ ಆ ಸಂಸ್ಥೆಯು ನಿಂತುಹೋಯಿತು.

ಮಂದ್ರಸ್ವರಗಳ ಕಷ್ಟವು ಬೇರೊಂದುಂಟು. ಅಷ್ಟೇ ಬಲದ ಶಬ್ದವನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ಪಟ್ಟಿಕೆಯು ನಾಲ್ಕು ಪಾಲು ದೂರ ಚಲಿಸಬೇಕು; ಎರಡು ಸ್ಥಾಯಿ ಕೆಳಗೆ ಹದಿನಾರು ಪಾಲು. ಚಿಕ್ಕ ಪಟ್ಟಿಕೆಯು ಅಷ್ಟು ಚಲಿಸಿದರೆ ಧ್ರುವಗಳ ನಡುವಿನಿಂದಲೇ ಹೊರಬೀಳುತ್ತದೆ. ಅಗಲಮಾಡೋಣವೆಂದರೆ ಧ್ರುವಗಳು ದೂರವಾಗಿ ಕ್ಷೇತ್ರವು ಕ್ಷೀಣಿಸುತ್ತದೆ. ಆದುದರಿಂದಲೇ ಹವ್ಯಾಸಿಗಳು ಪಟ್ಟಿಕೆಯನ್ನು ಪ್ರಾಯಶಃ ಮೂರು ನಾಲ್ಕು ಸಾವಿರ ಕಂಪನಗಳ ಮೇಲಿನ ಸ್ವರಗಳಿಗೆ ಮಾತ್ರ ಬಳಸಿ, ಕೆಳಗಿನದನ್ನು ಕಾಗದದ ಶಂಕುವಿಗೆ ಬಿಟ್ಟುಕೊಡುವುದು. ಇಂಗ್ಲೆಂಡಿನಲ್ಲಿ ೧೯೫೦ರ ದಶಕದಲ್ಲಿ ಸ್ಟ್ಯಾನ್ಲಿ ಕೆಲಿಯು ಪಟ್ಟಿಕೆಯ ಮುಂದೆ ಕಹಳೆಯ ಬಾಯನ್ನಿಟ್ಟು ಮಾಡಿದ ತಾರಸ್ವರದ ಯಂತ್ರವು ಈ ವಿವೇಕದ ಫಲವೇ. ನಿಲ್ಲಿಸುವ ಭಂಗಿಗೂ ಕಾರಣವುಂಟು: ಹತ್ತು ಸಾವಿರ ಕಂಪನಗಳ ಸ್ವರದ ತರಂಗವು ೩.೪ ಸೆಂಟಿಮೀಟರು, ಪಟ್ಟಿಕೆಯ ಅಗಲವು ಅದಕ್ಕಿಂತ ಬಹಳ ಕಿರಿದು, ಉದ್ದವು ಅದರ ಮೂರು ಪಾಲು. ಆದುದರಿಂದ ನೆಟ್ಟಗೆ ನಿಲ್ಲಿಸಿದ ಪಟ್ಟಿಕೆಯ ಶಬ್ದವು ಎಡಬಲಗಳಿಗೆ ಚೆನ್ನಾಗಿ ಹರಡುತ್ತದೆ, ಮೇಲೆ ಕೆಳಗೆ ಹರಡುವುದಿಲ್ಲ. ಕುಳಿತು ಕೇಳಿದವನಿಗೆ ದೊರೆತದ್ದು ಎದ್ದುನಿಂತವನಿಗೆ ದೊರೆಯದು.

ಅಯಸ್ಕಾಂತದ ಇತಿಹಾಸವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮೊದಮೊದಲು ಅಧಿಕವಾದ ಕ್ಷೇತ್ರಕ್ಕೆ ವಿದ್ಯುದಯಸ್ಕಾಂತವೇ ಗತಿಯಾಗಿತ್ತು. ೧೯೩೧ರಲ್ಲಿ ಜಪಾನಿನ ಮಿಷಿಮಾ ಕಂಡುಹಿಡಿದ ಮಿಶ್ರಲೋಹದಿಂದ ಬೆಳೆದ ಆಲ್ನಿಕೋ ಅಯಸ್ಕಾಂತಗಳೂ, ೧೯೮೦ರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತಗಳೂ ಆ ಹೊರೆಯನ್ನಿಳಿಸಿದವು. ಮನೆಯಲ್ಲಿ ಕಟ್ಟುವವರಿಗೆ ಬಲವನ್ನು ಕೊಟ್ಟದ್ದು ಈ ಎರಡನೆಯದೇ. ತಗಡಿಗಾಗಿ ಅವರು ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನೋ ಹಳೆಯ ಕೆಪಾಸಿಟರನ್ನು ಬಿಚ್ಚಿ ತೆಗೆದ ಇನ್ನೂ ತೆಳುವಾದ ಹಾಳೆಯನ್ನೋ ಬಳಸುತ್ತಾರೆ. ಎರಡು ಹಲ್ಲುಚಕ್ರಗಳ ನಡುವೆ ಅದನ್ನು ಉರುಳಿಸಿ ಅಡ್ಡನೆರಿಗೆಗಳನ್ನು ಮೂಡಿಸುತ್ತಾರೆ. ಆ ನೆರಿಗೆಯೇ ಪಟ್ಟಿಕೆಗೆ ಸಡಿಲವನ್ನೂ ಅಡ್ಡಲಾಗಿ ಬಾಗದಿರುವ ಬಿಗಿತವನ್ನೂ ಒಟ್ಟಿಗೆ ಕೊಡುವುದು. ಇದೊಂದನ್ನು ಬಿಟ್ಟು ಉಳಿದುದನ್ನೆಲ್ಲ ಸರಿಯಾಗಿ ಮಾಡಿದವನೂ ಗಳಗಳ ಸದ್ದನ್ನೇ ಕೇಳಬೇಕಾಗುತ್ತದೆ. ಬಾಯಿಂದ ಊದಿದರೂ ಪಟ್ಟಿಕೆಯು ಎಳೆದುಹೋಗಿ ಕೆಡುವುದೆಂಬ ಎಚ್ಚರಿಕೆಯು ರೇಡಿಯೋ ನಿಲಯಗಳಲ್ಲಿ ಹಳೆಯದು.

ಕಡೆಯದಾಗಿ ನಮ್ಮ ಭಾಷೆಯ ಮಾತು. ೧೯೩೫ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ರೇಡಿಯೋ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದು, ತರುವಾಯ ಅಖಿಲ ಭಾರತದ ಸಂಸ್ಥೆಯೂ ಅದನ್ನೇ ತಳೆಯಿತು. ಶಬ್ದವು ಆಕಾಶದ ಗುಣವೆಂಬ ವೈಶೇಷಿಕಮತವನ್ನು ಬಲ್ಲವರಿಗೆ ಆ ಹೆಸರು ಎಷ್ಟು ಸಾರ್ಥಕವೆಂದು ಹೇಳಬೇಕಾಗಿಲ್ಲ. ಅಂತಹ ಭಾಗ್ಯವು ಶಬ್ದವನ್ನು ಹೊರಡಿಸುವ ಯಂತ್ರಕ್ಕೆ ಬರಲಿಲ್ಲ. ನಾವು ಅದನ್ನು ‘ಧ್ವನಿವರ್ಧಕ’ವೆನ್ನುತ್ತೇವೆ. ವರ್ಧಿಸುವುದು ವಾಲ್ವಿನ ಅಥವಾ ಟ್ರಾನ್ಸಿಸ್ಟರಿನ ಕೆಲಸ. ಪಟ್ಟಿಕೆಯಾಗಲಿ ಶಂಕುವಾಗಲಿ ಏನನ್ನೂ ವರ್ಧಿಸದು, ಬಂದ ಶಕ್ತಿಯಲ್ಲಿ ಬಹುಭಾಗವನ್ನು ಶಾಖವನ್ನಾಗಿ ಕಳೆದು ಅಲ್ಪವನ್ನು ಶಬ್ದವನ್ನಾಗಿ ಕೊಡುವುದು. ‘ಪರಿವರ್ತಕ’ವೆನ್ನೋಣವೆಂದರೆ ಆ ಪದವನ್ನು ಟ್ರಾನ್ಸ್‌ಫಾರ್ಮರಿಗೆ ಕೊಟ್ಟುಬಿಟ್ಟಿದ್ದೇವೆ, ಪಟ್ಟಿಕೆಗೆ ಟ್ರಾನ್ಸ್‌ಫಾರ್ಮರೂ ಬೇಕಾದುದರಿಂದ ಒಂದೇ ವಾಕ್ಯದಲ್ಲಿ ಎರಡು ಪರಿವರ್ತಕಗಳು ಕುಳಿತು ಜಗಳವಾಡುವುವು. ಹೊರಡಿಸುವ ಯಂತ್ರವನ್ನು ‘ಧ್ವನಿಕಾರಕ’ವೆಂದೂ, ಕೇಳುವ ಯಂತ್ರವನ್ನು ‘ಧ್ವನಿಗ್ರಾಹಕ’ವೆಂದೂ, ಎರಡಕ್ಕೂ ಸಾಮಾನ್ಯವಾಗಿ ‘ಶಕ್ತ್ಯಂತರಕ’ವೆಂದೂ ಕರೆಯಬಹುದೆಂದು ನನ್ನ ಸೂಚನೆ. ‘ರಿಬ್ಬನ್’ ಎಂಬುದಕ್ಕೆ ಈ ಲೇಖನದಲ್ಲಿ ಬಳಸಿದ ‘ಪಟ್ಟಿಕೆ’ಯು ಸಾಲುವುದು, ಆದರೆ ಹಾವಿನ ವಾಹಕವುಳ್ಳ ಪೊರೆಯ ಯಂತ್ರಕ್ಕೆ ಆ ಹೆಸರನ್ನು ಕೊಡದೆ ‘ಫಲಕ’ವೆಂದು ಬೇರೆಯಾಗಿಯೇ ಇಡತಕ್ಕದ್ದು. ಪಾರಿಭಾಷಿಕ ಪದಗಳನ್ನು ಸಿದ್ಧಪಡಿಸುತ್ತಿರುವ ವಿದ್ವಾಂಸರು ಇವುಗಳ ಸಾಧುತ್ವವನ್ನು ಪರಿಶೀಲಿಸಿ, ಇದಕ್ಕಿಂತ ಲೇಸಾದವುಗಳಿದ್ದರೆ ತಿಳಿಸಬೇಕಾಗಿ ಪ್ರಾರ್ಥನೆ.